ಶೋಧನೆಯನ್ನು ಜಯಿಸುವದೂ ಸೇವೆಗೆ ಸಿದ್ಧರಾಗುವದೂ

ಪಾಠದ ಭಾಗ: ಮತ್ತಾಯ 4ನೆಯ ಅಧ್ಯಾಯ, 1ರಿಂದ 11ರ ವರೆಗೆ

ನಮ್ಮ ಕರ್ತನು ಸುವಾರ್ತೆಯನ್ನು ಸಾರಲಾರಂಭಿಸುವದಕ್ಕೆ ಮುಂಚೆ ಎಲ್ಲಿಗೆ ಹೋದನೆಂಬದನ್ನು ಈ ಪಾಠದಲ್ಲಿ ಕಾಣುತ್ತೇವೆ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಹೊಂದಿದ ಮೇಲೆ ಆತನು ದೇವಾಲಯಕ್ಕೂ ಹೋಗಲಿಲ್ಲ, ಜನರು ಕೂಡುವ ಸ್ಥಳಕ್ಕೂ ಹೋಗಲಿಲ್ಲ. ಪವಿತ್ರಾತ್ಮನು ಆತನನ್ನು ಅಡವಿಗೆ ನಡಿಸಿದನು. ಆದಕಾರಣ ಶೋಧನೆಯು ಸೇವೆಗೆ ಬಂದ ವಿಘ್ನವಲ್ಲ, ಸೇವಕನ ಮೊದಲನೆಯ ಪಾಠಶಾಲೆಯೇ ಆಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಸೀಮೆಗಳ ಸಭೆಗಳಲ್ಲಿ ಪ್ರಸಂಗಿಸುವವರೂ, ಮಕ್ಕಳಿಗೆ ಸತ್ಯವೇದವನ್ನು ಕಲಿಸುವವರೂ, ಇಂಥ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಡಬೇಕೆಂದಿರುವ ಯೌವನಸ್ಥರೂ ಇದನ್ನು ಚೆನ್ನಾಗಿ ಗ್ರಹಿಸಬೇಕು.

1. ರೊಟ್ಟಿಯ ಶೋಧನೆ

ಸೈತಾನನು ಹಸಿದಿದ್ದವನ ಬಳಿಗೆ ಮೊದಲು ರೊಟ್ಟಿಯ ಮಾತನ್ನೇ ತಂದನು. ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. 1876ರಿಂದ 1878ರ ವರೆಗೆ ಧಾತು ಈಶ್ವರ ಬರವು ಈ ದೇಶವನ್ನು ಬಾಧಿಸಿತು. ಮೈಸೂರು ಸಂಸ್ಥಾನದಲ್ಲಿ 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಲೆಕ್ಕಕ್ಕೆ ಸಿಕ್ಕಿದವರು ಸುಮಾರು 42 ಲಕ್ಷ. ಆ ಬರದಲ್ಲಿ ತಂದೆತಾಯಿಗಳಿಲ್ಲದೆ ಉಳಿದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಸ್ತ್ರೀಯು ಕೋಲಾರದಲ್ಲಿ ಕೂಡಿಸಿ ಸಾಕಿದಳು. 1890ರಲ್ಲಿ ಆ ಕೆಲಸವು ಅಮೇರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಶನ್ನಿನ ವಶಕ್ಕೆ ಬಂತು. ಇಲ್ಲಿಯ ಸಭೆಯ ಒಂದು ಬೇರು ಆ ಅನಾಥಶಾಲೆಯಲ್ಲಿದೆ.

ಹೀಗಿರಲಾಗಿ, ಗಂಜಿಗಾಗಿ ಮತ ಬಿಟ್ಟವರೆಂದು ಯಾರಾದರೂ ನಮ್ಮನ್ನು ಹಂಗಿಸಿದರೆ ಏನು ಹೇಳೋಣ? ಹಸಿದ ಕೂಸಿಗೆ ಗಂಜಿ ಹೊಯ್ದದ್ದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಕರ್ತನೂ ಐದು ಸಾವಿರ ಮಂದಿಗೆ ಉಣಬಡಿಸಿದನು. ಆದರೆ ಕಲ್ಲನ್ನು ರೊಟ್ಟಿಮಾಡಿ ತನ್ನ ಹೊಟ್ಟೆಯನ್ನು ತುಂಬಿಸಿಕೊಳ್ಳಲಿಲ್ಲ. ರೊಟ್ಟಿ ತಿಂದದ್ದಕ್ಕಾಗಿಯೇ ತನ್ನನ್ನು ಹುಡುಕಿ ಬಂದವರಿಗೆ ಆ ಸಂಗತಿಯನ್ನು ಮುಚ್ಚದೆ ತಿಳಿಸಿದನು (ಯೋಹಾನ 6:26). ಸೇವಕನ ಶೋಧನೆ ಇದೇ: ಅನ್ನವನ್ನು ಗಾಳದ ಹುಳುವನ್ನಾಗಿ ಮಾಡುವದು, ಇಲ್ಲವೆ ಸೇವೆಯನ್ನೇ ತನ್ನ ಅನ್ನದ ದಾರಿಯನ್ನಾಗಿ ಮಾಡಿಕೊಳ್ಳುವದು. ಅಕ್ಕಿಯ ಚೀಲವನ್ನೋ ಶಾಲೆಯ ಫೀಸನ್ನೋ ಕೊಡುವಾಗ, ಆದಿತ್ಯವಾರ ಗುಡಿಗೆ ಬರುತ್ತೀಯೋ ಎಂದು ಕೇಳಬೇಡಿರಿ. ಅನ್ನವನ್ನು ಕೊಡಬೇಕು, ಮಾರಬಾರದು. ಸಭೆಯ ಹಣದ ಲೆಕ್ಕವನ್ನು ಇಬ್ಬರು ಹಿರಿಯರ ಮುಂದೆ ಬರೆದಿಡಿರಿ.

2. ಶಿಖರದ ಶೋಧನೆ

ಎರಡನೆಯದಾಗಿ ಸೈತಾನನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಗೆ ಧುಮುಕೆಂದು ಹೇಳಿದನು. ಈ ಸಾರಿ ದೇವರ ವಾಗ್ದಾನವನ್ನೇ ಬಾಯಲ್ಲಿಟ್ಟುಕೊಂಡು ಬಂದನು. ವಾಕ್ಯವನ್ನು ಹೇಳುವವರೆಲ್ಲರೂ ದೇವರ ಕಡೆಯವರೆಂದು ತಿಳಿಯಬಾರದು.

ಜ್ವರದಲ್ಲಿ ಬಿದ್ದಿರುವ ಮಗುವಿನ ಹಾಸಿಗೆಯ ಬಳಿಯಲ್ಲಿ ಈ ಶೋಧನೆಯು ನಮ್ಮನ್ನು ಕಾದಿರುತ್ತದೆ. ಔಷಧವನ್ನು ಬಿಡಿರಿ, ನನ್ನ ಪ್ರಾರ್ಥನೆಯೇ ಸಾಕು ಎಂದು ಸೇವಕನು ಹೇಳಿದರೆ, ಅವನು ಶಿಖರದಿಂದ ಧುಮುಕುವದು ಮಾತ್ರವಲ್ಲ, ಮತ್ತೊಬ್ಬರ ಮಗುವನ್ನು ಅಲ್ಲಿಂದ ನೂಕುತ್ತಾನೆ. ನಮ್ಮ ಪೂರ್ವಿಕರು ಹಾಗೆ ಕಲಿಸಲಿಲ್ಲ. ಪ್ರಾರ್ಥಿಸುವ ಸಭೆಯೇ 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿತು. ಪ್ರಾರ್ಥಿಸಿರಿ, ಆಮೇಲೆ ರೋಗಿಯನ್ನು ವೈದ್ಯರ ಬಳಿಗೆ ನೀವೇ ಕರೆದುಕೊಂಡು ಹೋಗಿರಿ.

ಶ್ರೀನಿವಾಸಪುರದ ಮಾವಿನ ತೋಟದವರು ಎಳೆಯ ಕಸಿಗಿಡದಲ್ಲಿ ಮೊದಲ ವರುಷಗಳ ಹೂವನ್ನು ಚಿವುಟಿ ಹಾಕುವದುಂಟು. ಗಿಡಕ್ಕೆ ಬೇರೂ ಕೊಂಬೆಯೂ ಬಲಿಯುವ ಮೊದಲೇ ಕಾಯಿ ಹಿಡಿದರೆ ಅದು ಸೊರಗುತ್ತದೆ. ಹೊಸ ಸೇವಕನಿಗೆ ಬೇಗನೆ ಸಿಕ್ಕುವ ಹೊಗಳಿಕೆಯೂ ಅಂಥ ಹೂವೇ. ಅದನ್ನು ಚಿವುಟುವದು ನೋವಾದರೂ ಲಾಭವೇ.

3. ಬೆಟ್ಟದ ಶೋಧನೆ

ಮೂರನೆಯದು ಅಧಿಕಾರದ ಶೋಧನೆ. ಒಂದು ಸಾರಿ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲಾ ನಿನ್ನವೆಂದು ಸೈತಾನನು ಹೇಳಿದನು. ನಮಗೆ ರಾಜ್ಯಗಳನ್ನು ಯಾರೂ ತೋರಿಸುವದಿಲ್ಲ. ಪಂಚಾಯಿತಿಯ ಚುನಾವಣೆಯಲ್ಲಿ ಸಭೆಯ ಓಟುಗಳನ್ನು ಒಟ್ಟಾಗಿ ಕೊಡಿಸಿದರೆ ಗುಡಿಗೆ ತಗಡಿನ ಛಾವಣಿ ಹಾಕಿಸುತ್ತೇವೆಂದು ಹೇಳುವವರು ಬರುತ್ತಾರೆ. ಛಾವಣಿ ಬೇಕು, ಮಳೆಯೂ ಸೋರುತ್ತದೆ. ಶೋಧನೆಯ ಬಲವು ಅದರಲ್ಲಿಯೇ ಇದೆ. ಹಿಂದಿನವರು ಮುಳಬಾಗಿಲನ್ನು ಮೂಡಲ ಬಾಗಿಲೆಂದು ಕರೆದರು. ಬಾಗಿಲು ಕಾಯುವವನು ಒಬ್ಬನಿಗೆ ಲಂಚಕ್ಕಾಗಿ ತೆರೆದರೆ ಆ ದಿನದಿಂದ ಬಾಗಿಲು ಅವನದಲ್ಲ. ಸಭೆಯ ಓಟು ಸೇವಕನ ಸೊತ್ತಲ್ಲ. ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯಂತೆ ಹಾಕಲಿ.

4. ಸಿದ್ಧತೆಯ ಕ್ರಮ

ಕರ್ತನು ಮೂರು ಸಾರಿಯೂ ಬರೆದಿರುವ ವಾಕ್ಯದಿಂದಲೇ ಉತ್ತರ ಕೊಟ್ಟನು. ಆ ಮೂರೂ ಉತ್ತರಗಳು ಧರ್ಮೋಪದೇಶಕಾಂಡದ 6ನೆಯ ಮತ್ತು 8ನೆಯ ಅಧ್ಯಾಯಗಳಲ್ಲಿವೆ. ಅಡವಿಯಲ್ಲಿ ಆತನ ಕೈಯಲ್ಲಿ ಸುರುಳಿ ಇತ್ತೆಂದು ಹೇಳಿಲ್ಲ. ಹೃದಯದಲ್ಲಿ ಕೂಡಿಟ್ಟದ್ದೇ ಬಾಯಿಗೆ ಬಂತು. ವರುಷವೆಲ್ಲಾ ಹರಿಯುವ ಹೊಳೆಯಿಲ್ಲದ ನಮ್ಮ ಸೀಮೆಯಲ್ಲಿ ಕೆರೆಯ ಹೂಳನ್ನು ಬೇಸಿಗೆಯಲ್ಲಿಯೇ ಎತ್ತಬೇಕು. ಮಳೆ ಬಂದ ಮೇಲೆ ಎತ್ತಲಾಗದು. ಹಾಗೆಯೇ ವಾಕ್ಯವನ್ನು ಶೋಧನೆ ಬರುವದಕ್ಕೆ ಮುಂಚೆ ಕೂಡಿಡಬೇಕು. ವಾರಕ್ಕೆ ಒಂದು ವಚನವನ್ನು ಬಾಯಿಪಾಠ ಮಾಡಿರಿ. ಓದುಬರಹ ತಿಳಿಯದ ತಾಯಂದಿರಿಗೆ ಮಕ್ಕಳು ಓದಿ ಹೇಳಲಿ; ವರುಷಕ್ಕೆ 52 ವಚನಗಳಾಗುವವು.

ಎರಡನೆಯದಾಗಿ, ಮರೆಯಲ್ಲಿ ಪ್ರಾರ್ಥಿಸಿರಿ. ಮಾಲೂರಿನಲ್ಲಿ ಹೆಂಚು ಮಾಡುವವರು ಹಸಿ ಹೆಂಚನ್ನು ಕೂಡಲೇ ಗೂಡಿನ ಬೆಂಕಿಗೆ ಹಾಕುವದಿಲ್ಲ. ನೆರಳಲ್ಲಿ ಒಣಗಿಸುತ್ತಾರೆ, ಯಾಕಂದರೆ ಹಸಿಯದು ಬೆಂಕಿಯಲ್ಲಿ ಬಿರಿಯುವದು. ಯಾರೂ ಕಾಣದ ದಿನಗಳು ಸೇವಕನಿಗೆ ಅಂಥ ನೆರಳಾಗಿವೆ.

ಮೂರನೆಯದಾಗಿ, ಒಬ್ಬಂಟಿಗರಾಗಿ ಹೋರಾಡಬೇಡಿರಿ. ಕಷ್ಟವನ್ನು ಬಿಚ್ಚಿ ಹೇಳಿಕೊಳ್ಳುವದಕ್ಕೆ ಒಬ್ಬ ನಂಬಿಗಸ್ತ ಸಹೋದರನೋ ಸಹೋದರಿಯೋ ಇರಲಿ. ಬಿದ್ದವರನ್ನು ಕಂಡರೆ ತಳ್ಳಿಬಿಡಬೇಡಿರಿ. ಮೂರು ಸಾರಿ ಅಲ್ಲಗಳೆದ ಪೇತ್ರನಿಗೇ ಕರ್ತನು ಕುರಿಗಳನ್ನು ಒಪ್ಪಿಸಿದನು. ನಮ್ಮ ಮಹಾಯಾಜಕನು ನಮ್ಮಂತೆ ಶೋಧಿಸಲ್ಪಟ್ಟವನು, ಪಾಪ ಮಾತ್ರ ಮಾಡಲಿಲ್ಲ (ಇಬ್ರಿಯ 4:15). ಆದಕಾರಣ ಧೈರ್ಯದಿಂದ ಆತನ ಬಳಿಗೆ ಬರೋಣ.

ಸೈತಾನನು ಬಿಟ್ಟುಹೋದ ಮೇಲೆ ದೇವದೂತರು ಬಂದು ಕರ್ತನನ್ನು ಉಪಚರಿಸಿದರು. ತಂದೆಯ ಸಹಾಯವು ತಡವಾಯಿತೆಂದು ಕಂಡರೂ ತಪ್ಪಲಿಲ್ಲ.

ಮನೆಯಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು:

1. ನಾವು ಕೊಡುವ ಸಹಾಯದ ಹಿಂದೆ ಯಾವ ನಿರೀಕ್ಷೆಯನ್ನು ಇಟ್ಟುಕೊಂಡಿದ್ದೇವೆ?

2. ಈ ಮೂರು ಶೋಧನೆಗಳಲ್ಲಿ ನಮ್ಮ ಸಭೆಗೆ ಹತ್ತಿರವಾದದ್ದು ಯಾವದು?

3. ಈ ವಾರ ನಾವು ಹೃದಯದಲ್ಲಿಡುವ ವಚನವು ಯಾವದು?