ಚಳಿಗೆ ಬಾಗಿಲು ಹಾಕಬೇಡಿ

ಟಿನ್ ಫ್ಯಾಕ್ಟರಿ ಸುತ್ತಮುತ್ತ, ಕಸ್ತೂರಿನಗರದ ಫ್ಲ್ಯಾಟುಗಳಲ್ಲಿ, ಉದಯನಗರದ ಬಾಡಿಗೆ ಮನೆಗಳಲ್ಲಿ ಪುಟ್ಟ ಮಕ್ಕಳನ್ನು ಸಾಕುತ್ತಿರುವ ಅಪ್ಪ ಅಮ್ಮಂದಿರಿಗೆ ಈ ಮಾತು. ದೀಪಾವಳಿ ಕಳೆದು ಮೊದಲ ಥಂಡಿ ಗಾಳಿ ಬೀಸಿತೋ ಇಲ್ಲವೋ, ನಿಮ್ಮ ಮನೆಗಳ ಕಿಟಕಿ ಮುಚ್ಚಿಕೊಳ್ಳುತ್ತವೆ. ಮಗುವಿನ ತಲೆಗೆ ಮಂಕಿ ಟೋಪಿ, ಕಾಲಿಗೆ ಎರಡು ಜೊತೆ ಕಾಲುಚೀಲ, ಮೇಲೊಂದು ರಗ್ಗು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಾರ್ತಿಕದಿಂದ ಅಲ್ಲಿಯ ತನಕ ಮೂರು ತಿಂಗಳಾದರೂ ಆಗುತ್ತದೆ. ಅಷ್ಟೂ ದಿನ ಮಗುವಿಗೆ ಕಾಣುವುದು ನಾಲ್ಕು ಗೋಡೆ ಮತ್ತು ನಿಮ್ಮ ಮೊಬೈಲು. ಇದು ನನಗೆ ಸಂಕಟ ತರುತ್ತದೆ. ವರ್ಷದಲ್ಲಿ ಮಕ್ಕಳ ಜೊತೆ ಮನೆಯಿಂದ ಹೊರಗೆ ಇರಲು ಇದಕ್ಕಿಂತ ಒಳ್ಳೆಯ ಕಾಲ ನಮ್ಮೂರಿನಲ್ಲಿ ಇನ್ನೊಂದಿಲ್ಲ.

ನಮ್ಮ ಚಳಿ ಎಷ್ಟರದು ಎಂದು ಒಮ್ಮೆ ನೋಡಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸರಾಸರಿ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹಗಲು 27ರ ಹತ್ತಿರ ಇರುತ್ತದೆ. ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ತಿಂಗಳುಗಳಲ್ಲಿ ಮೋಡವಿಲ್ಲದ ಆಕಾಶ, ಈಶಾನ್ಯದ ಒಣಗಾಳಿ. ಹಗಲು ಕಾದ ನೆಲದ ಬಿಸಿ ರಾತ್ರಿ ತಡೆಯಿಲ್ಲದೆ ಮೇಲೆ ಹೋಗಿಬಿಡುತ್ತದೆ. ಹಾಗಾಗಿ ಮುಂಜಾನೆ ಹಲ್ಲು ಕಟಕಟ ಅನ್ನುತ್ತದೆ, ಹತ್ತು ಗಂಟೆಗೆ ಸ್ವೆಟರ್ ಬಿಚ್ಚಬೇಕು ಅನ್ನಿಸುತ್ತದೆ. ನಾರ್ವೆ, ಫಿನ್ಲೆಂಡಿನಲ್ಲಿ ಹಿಮ ಬೀಳುವ ದಿನಗಳಲ್ಲೂ ಕೂಸುಗಳನ್ನು ಬೆಚ್ಚಗೆ ಸುತ್ತಿ ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುವ ರೂಢಿ ಇದೆ. ಅಲ್ಲಿಯವರಿಗೆ ಇರುವ ಧೈರ್ಯದ ಕಾಲು ಭಾಗ ನಮಗಿದ್ದರೂ ಸಾಕು.

ನೆಗಡಿ ಬರುವುದು ವೈರಾಣುವಿನಿಂದ. ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಐದಾರು ಜನ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಕೂತರೆ ಅದು ಸುಲಭವಾಗಿ ಹಬ್ಬುತ್ತದೆ. ಮಗುವಿಗೆ ಗಾಳಿ ತಾಗೀತೆಂದು ಕಿಟಕಿ ಮುಚ್ಚುವವರು ಹೊರಗಿನಿಂದ ಬಂದು ಕೈ ತೊಳೆಯದೆ ಅದರ ಕೆನ್ನೆ ಹಿಂಡುತ್ತಾರೆ. ಕೈ ತೊಳೆಯಿರಿ, ಕಿಟಕಿ ತೆರೆಯಿರಿ.

ಆದರೆ ನಮ್ಮ ಜಾಗಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ಹಳೆ ಮದ್ರಾಸ್ ರಸ್ತೆ ಹೊರವರ್ತುಲ ರಸ್ತೆಯನ್ನು ಸಂಧಿಸುವ ಜಾಗ ನಮ್ಮದು. ಕೋಲಾರ, ಮುಳಬಾಗಿಲು, ತಿರುಪತಿ ಕಡೆಯ ಬಸ್ಸುಗಳು, ರಾತ್ರಿಯೆಲ್ಲ ಲಾರಿಗಳು, ವರ್ಷಗಟ್ಟಲೆ ನಡೆದ ಮೆಟ್ರೊ ಕಾಮಗಾರಿಯ ದೂಳು. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ತಣ್ಣನೆ ಗಾಳಿ ಮೇಲೇಳುವುದಿಲ್ಲ, ಹೊಗೆಯೂ ಅದರ ಜೊತೆ ಕೆಳಗೇ ಕೂರುತ್ತದೆ. ಸಿಗ್ನಲ್ಲಿನಲ್ಲಿ ಇಬ್ಬನಿ ಅಂತ ನಿಮಗೆ ಕಾಣುವುದರಲ್ಲಿ ಹೊಗೆಯ ಪಾಲು ಸಾಕಷ್ಟಿರುತ್ತದೆ. ಆದ್ದರಿಂದ ಮಗುವನ್ನು ಎತ್ತಿಕೊಂಡು ಮುಖ್ಯರಸ್ತೆ ಬದಿಯಲ್ಲಿ ಬೆಳಗಿನ ವಾಕಿಂಗ್ ಬೇಡ. ಒಳರಸ್ತೆ ಹಿಡಿಯಿರಿ, ಇಲ್ಲವೇ ಬಿಸಿಲೇರಿ ಗಾಳಿ ಕದಲಿದ ಮೇಲೆ ತಾರಸಿಗೆ ಹೋಗಿ. ರಸ್ತೆ ಕಡೆಯ ಕಿಟಕಿ ಮುಚ್ಚಿದ್ದರೂ ಹಿತ್ತಲ ಕಡೆಯದು ತೆರೆದಿರಲಿ.

ತಾರಸಿಯ ಬಿಸಿಲಿನ ಬಗ್ಗೆಯೂ ಒಂದು ಮಾತು. ಎಳೆಬಿಸಿಲು ಹಿತವೇನೋ ಸರಿ, ಆದರೆ ಓರೆಯಾಗಿ ಬೀಳುವ ಆ ಬೆಳಕಿನಲ್ಲಿ ಚರ್ಮಕ್ಕೆ ಡಿ ಜೀವಸತ್ವ ಮಾಡಿಕೊಡುವ ಕಿರಣ ತೀರಾ ಕಡಿಮೆ. ನಡೆಯುವ ವಯಸ್ಸಿನ ಮಕ್ಕಳು ಹತ್ತು ಗಂಟೆಯ ಮೇಲಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೈಕಾಲು ಬಿಟ್ಟುಕೊಂಡು ಆಡಲಿ. ಮೇ ತಿಂಗಳಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ಜನವರಿಯಲ್ಲಿ ಧಾರಾಳವಾಗಿ ಹೇಳುತ್ತೇನೆ. ಶಾಲೆಗೆ ಹೋಗುವ ಮಗುವಿದ್ದರೆ ಗೋಡೆ ಕ್ಯಾಲೆಂಡರಿನಲ್ಲಿ ಸೂರ್ಯೋದಯ ಬರೆಸಿ. ಅತಿ ಚಿಕ್ಕ ಹಗಲು ಡಿಸೆಂಬರ್ 21–22ಕ್ಕೆ ಮುಗಿದರೂ ನಮ್ಮೂರಲ್ಲಿ ಸೂರ್ಯ ಅತ್ಯಂತ ತಡವಾಗಿ ಏಳುವುದು ಜನವರಿ ಕೊನೆಯ ಭಾಗದಲ್ಲಿ, 6.45ರ ಸುಮಾರಿಗೆ. ಸಂಜೆಯಾದರೋ ನವೆಂಬರಿನಲ್ಲೇ ಅತಿ ಬೇಗ ಕಪ್ಪಿಟ್ಟಿರುತ್ತದೆ. ತಾನೇ ಬರೆದು ಕಂಡುಕೊಂಡ ಮಗು ಇದನ್ನು ಮರೆಯುವುದಿಲ್ಲ.

ಬಟ್ಟೆಯ ವಿಷಯ ಸರಳ. ದಪ್ಪದ್ದು ಒಂದಕ್ಕಿಂತ ತೆಳುವಾದದ್ದು ಎರಡು ಮೇಲು, ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಮೈಗೆ ತಾಗುವುದು ಹತ್ತಿಯದಿರಲಿ. ಚಳ್ಳಕೆರೆ ಕಂಬಳಿ ಒಂದು ಮನೆಯಲ್ಲಿದ್ದರೆ ತಾರಸಿ ನೆಲಕ್ಕೆ ಹಾಸಿ, ತಲೆಮಾರು ಬಾಳುತ್ತದೆ. ಕೂಸಿನ ಅಂಗೈ ತಣ್ಣಗಿದೆ ಎಂದು ಗಾಬರಿಯಾಗಬೇಡಿ, ಅದು ಸಹಜ. ಕುತ್ತಿಗೆ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಬೆವರಿದ್ದರೆ ನೀವು ಹೊದಿಸಿದ್ದು ಹೆಚ್ಚಾಯಿತು. ಮಲಗಿದ ಹಸುಗೂಸಿನ ಮುಖದ ಹತ್ತಿರ ಸಡಿಲವಾದ ರಗ್ಗು ಬೇಡವೇ ಬೇಡ.

ಇನ್ನು ಚಳಿಗಿಂತ ನೂರು ಪಾಲು ಅಪಾಯದ ಮಾತು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟು, ಕಿಟಕಿ ಮುಚ್ಚಿ, ಮಗುವಿಗೆ ಸ್ನಾನ ಮಾಡಿಸುವವರಿದ್ದಾರೆ. ಉರಿಗೆ ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರಿಗೆ ಗೊತ್ತಾಗುವ ಮುಂಚೆಯೇ ಪ್ರಜ್ಞೆ ತಪ್ಪಿಸುತ್ತದೆ. ಈ ಊರಿನಲ್ಲಿ ಹೀಗೆ ಜೀವ ಕಳೆದುಕೊಂಡವರಿದ್ದಾರೆ. ಗೀಸರ್ ಬಚ್ಚಲಿನ ಹೊರಗಿರಲಿ, ಒಳಗೆ ಗಾಳಿಯಾಡಲಿ. ರಾತ್ರಿ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವುದೂ ಅದೇ ಸಾವಿನ ದಾರಿ. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯನ್ನು ನಾನು ಗೌರವದಿಂದಲೇ ಬಿಡಿ ಎನ್ನುತ್ತೇನೆ. ಅಜ್ಜಿಯಂದಿರು ಪ್ರೀತಿಯಿಂದ ಮಾಡಿದರು, ನಿಜ. ಎಳೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಎಣ್ಣೆ ಸ್ನಾನ ಮಾತ್ರ ಬಿಡಬೇಡಿ: ಬೆಚ್ಚನೆ ಕೊಬ್ಬರಿ ಎಣ್ಣೆ, ಉಗುರುಬೆಚ್ಚಗಿನ ನೀರು, ತಲೆ ಒರೆಸಿ ಒಣಗಿಸುವ ತಾಳ್ಮೆ, ಇಷ್ಟೇ ಬೇಕು. ಕೆಮ್ಮಿಗೆಂದು ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಕೂಡದು. ಮಗು ಕೆಮ್ಮುತ್ತಿದ್ದರೆ ಅದು ಅಳದೆ ಸುಮ್ಮನಿರುವಾಗ ಗಡಿಯಾರ ನೋಡಿ ಒಂದು ನಿಮಿಷದ ಉಸಿರು ಎಣಿಸಿ. ಎರಡು ತಿಂಗಳು ತುಂಬಿ ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದರೆ, ಅಥವಾ ಪಕ್ಕೆಲುಬಿನ ಕೆಳಗೆ ಎದೆ ಒಳಸೆಳೆಯುತ್ತಿದ್ದರೆ, ಕಷಾಯ ಬದಿಗಿಟ್ಟು ವೈದ್ಯರ ಬಳಿಗೆ ಓಡಿ. ಎರಡು ತಿಂಗಳೊಳಗಿನ ಕೂಸಾದರೆ ಎಣಿಸುತ್ತಾ ಕೂರಬೇಡಿ, ಉಸಿರಾಟದಲ್ಲಿ ಏನೇ ವ್ಯತ್ಯಾಸ ಕಂಡರೂ ತೋರಿಸಿಬಿಡಿ.

ಎಚ್ಚರಿಕೆ ಸಾಕು, ಸಂತೋಷಕ್ಕೆ ಬರೋಣ. ಸಂತೋಷ ಅಂದರೆ ಈ ಕಾಲದಲ್ಲಿ ಅವರೆಕಾಯಿ. ನಮ್ಮ ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಗಿಡ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಹಂಗಿಲ್ಲದೆ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ಬೇಸಿಗೆಯಲ್ಲೂ ಅವರೆ ಸಿಗುತ್ತದೆ. ಆದರೂ ಇಬ್ಬನಿ ಕುಡಿದ ಕಾಯಿಯ ಸೊಗಡೇ ಬೇರೆ ಎನ್ನುವವರ ಪೈಕಿ ನಾನು. ಕೋಲಾರ, ಚಿಂತಾಮಣಿ, ಹೊಸಕೋಟೆ ಕಡೆಯ ಕಾಯಿ ನಮ್ಮ ಹಳೆ ಮದ್ರಾಸ್ ರಸ್ತೆ ಹಿಡಿದೇ ಊರೊಳಗೆ ಬರುವುದು. ಸುಲಿದ ಕಾಳಿನ ಪ್ಯಾಕೆಟ್ಟು ತರಬೇಡಿ, ಕಾಯಿಯನ್ನೇ ತನ್ನಿ. ಭಾನುವಾರ ತಾರಸಿಯಲ್ಲಿ ಕಂಬಳಿ ಹಾಸಿ ಮಕ್ಕಳ ಮುಂದೆ ಸುರಿಯಿರಿ. ಸಿಪ್ಪೆಯ ಅಂಟು ಬೆರಳಿಗೆ ಹತ್ತಿ ವಾಸನೆ ಸಂಜೆಯ ತನಕ ಉಳಿಯುತ್ತದೆ. ನಡುವೆ ಒಂದು ಹಸಿರು ಹುಳು ಹೊರಬಂದರೆ ಅಂದಿನ ದೊಡ್ಡ ಸುದ್ದಿ ಅದೇ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕಲು ಕೊಡಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಬೇಳೆ ಪುಳಕ್ಕನೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಮೂರು ವರ್ಷದ ಮಗುವಿನ ಕೈಯಲ್ಲಿ ಅದು ಅಪ್ಪನ ಕನ್ನಡಕಕ್ಕೆ ಬೀಳುತ್ತದೆ, ಬೀಳಲಿ. ಬಾಯಿಗೆ, ಮೂಗಿಗೆ ಹಾಕಿಕೊಳ್ಳದ ಹಾಗೆ ಒಬ್ಬರು ಪಕ್ಕದಲ್ಲೇ ಕೂತಿರಿ. ತಾನು ಹಿತಕಿದ ಬೇಳೆಯ ಸಾರಾದರೆ ಮಗು ಬಿಸಿ ಮುದ್ದೆಯ ಜೊತೆ ತಕರಾರಿಲ್ಲದೆ ಉಣ್ಣುತ್ತದೆ.

ಊರು ತಿರುಗಿಸಲೂ ಇದೇ ಕಾಲ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ನಡುವಿನ ಕೊಂಡಿ ಕೂಡಿದ ಮೇಲೆ ಬೆನ್ನಿಗಾನಹಳ್ಳಿ ನಿಲ್ದಾಣದಲ್ಲಿ ಹತ್ತಿದರೆ ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಡಿಸೆಂಬರಿನಲ್ಲಿ ಟಬೂಬಿಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಉದುರಿದ ಹೂ ನೆಲದ ಮೇಲೆ ಹಾಸಿರುತ್ತದೆ. ಕ್ರಿಸ್‌ಮಸ್ ಹತ್ತಿರವಾದಾಗ ದಂಡು ಪ್ರದೇಶದ ಮನೆಗಳಲ್ಲಿ ಕಲ್‌ಕಲ್ ಮಾಡುತ್ತಾರೆ, ಸಿಹಿ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೆಲಸ. ಅಂಥ ಮನೆಯವರು ಕರೆದರೆ ಮಕ್ಕಳನ್ನು ಖಂಡಿತ ಕಳಿಸಿ. ಸಂಕ್ರಾಂತಿಗೆ ಅವರ ಮನೆಗೆ ನಿಮ್ಮ ಎಳ್ಳುಬೆಲ್ಲ ಹೋಗಲಿ. ಬೆಲ್ಲ, ಕೊಬ್ಬರಿ ಹೆಚ್ಚಿ ಬಿಸಿಲಿಗೆ ಒಣಗಿಸುವಾಗ ಕಾಗೆ ಕಾಯುವ ಕೆಲಸ ದೊಡ್ಡ ಮಗುವಿಗಿರಲಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿ ಕೊಡಿ. ರಥಸಪ್ತಮಿಗೆ ಎಕ್ಕದೆಲೆ ಇಟ್ಟು ನೀರು ಹುಯ್ಯುವವರು ಅದರ ಹಾಲು ಕಣ್ಣಿಗೆ ತಾಗದಂತೆ ಮೊದಲೇ ತೊಳೆದಿಡಿ.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡಗಳಿಗೆ ಇಟ್ಟಿಗೆ ಹೊರುವವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿದ್ದಾರೆ. ತಗಡು ಹಗಲು ಸುಡುತ್ತದೆ, ಬೆಳಗಿನ ಜಾವ ಮಂಜುಗಡ್ಡೆಯಾಗುತ್ತದೆ. ಚಳಿ ನಿಜವಾಗಿ ಕಾಡುವುದು ಅಲ್ಲಿಯ ಮಕ್ಕಳನ್ನು. ನಿಮ್ಮ ಮಗುವಿಗೆ ಗಿಡ್ಡವಾದ ಸ್ವೆಟರ್, ಟೋಪಿ, ಕಾಲುಚೀಲ ಒಗೆದು ಮಡಿಚಿ, ಮಗುವಿನ ಕೈಯಲ್ಲೇ ಕೊಡಿಸಿ. ಸಂಕ್ರಾಂತಿಯ ತನಕ ಕಾಯಬೇಡಿ, ಡಿಸೆಂಬರ್ ಮೊದಲ ವಾರದಲ್ಲೇ ಕೊಡಿ.