ಆಸ್ಪತ್ರೆಯ ತೊಟ್ಟಿಲ ಬಳಿಯಲ್ಲಿ

ಪಾಠಭಾಗಗಳು: ಎರಡನೆಯ ಸಮುವೇಲ 12ನೆಯ ಅಧ್ಯಾಯ, 15ರಿಂದ 24, ಎರಡನೆಯ ಅರಸುಗಳು 4ನೆಯ ಅಧ್ಯಾಯ, 18ರಿಂದ 37, ಮಾರ್ಕ 9ನೆಯ ಅಧ್ಯಾಯ, 14ರಿಂದ 29.

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ವೇದಪಾಠವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಸೇವೆಯನ್ನಾಗಲಿ ಕೃತಜ್ಞತೆಯನ್ನಾಗಲಿ ವಿಷಯವಾಗಿ ಆರಿಸಿಕೊಳ್ಳೋಣವೆಂದು ಮೊದಲು ಎಣಿಸಿದೆನು. ಆದರೆ, ಪ್ರಿಯ ಸಹೋದರಿಯರೇ, ಈ ಶಾಲೆಯ ಬೆಂಚುಗಳ ಮೇಲೆ ಕುಳಿತು ಸತ್ಯವೇದವನ್ನು ಕಲಿಯುವವರಲ್ಲಿ ಅನೇಕರು ಮುಂದೆ ತಾಯಂದಿರಾಗುವರು. ಅವರಲ್ಲಿ ಕೆಲವರಿಗಾದರೂ, ಬದುಕುವದೋ ಇಲ್ಲವೋ ಎಂದು ಹೇಳಲಾಗದ ಕೂಸಿನ ಬಳಿಯಲ್ಲಿ ಆಸ್ಪತ್ರೆಯ ರಾತ್ರಿಗಳನ್ನು ಕಳೆಯುವ ಕಾಲವು ಬರುವದು. ನನಗೆ ಬಂದಿತು. ನನ್ನ ಚೊಚ್ಚಲ ಮಗಳು ದಿನ ತುಂಬುವದಕ್ಕೆ ಎರಡು ತಿಂಗಳು ಮುಂಚಿತವಾಗಿ ಹುಟ್ಟಿದಳು. ಆಗ ಅವಳ ತೂಕವು 1,400 ಗ್ರಾಂ. ನಾವು 34 ದಿನ ಆಸ್ಪತ್ರೆಯಲ್ಲಿದ್ದೆವು. ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಹೊಂದಿದ್ದ ವಚನಗಳು ಆ ದಿವಸಗಳಲ್ಲಿ ನಾಲಿಗೆಗೆ ಬಂದವೇ ಹೊರತು ಎದೆಗೆ ಇಳಿಯಲಿಲ್ಲ. ಈ ಪಾಠವು ಆ 34 ದಿನಗಳಲ್ಲಿ ಓದಿದ್ದು.

ಮೊದಲನೆಯ ಭಾಗವನ್ನು ನನಗೆ ತೋರಿಸಿದವರು ನನ್ನನ್ನು ನೋಡಲು ಬಂದ ಒಬ್ಬ ಹಿರಿಯ ವಿಶ್ವಾಸಿ. ದಾವೀದನ ಪಾಪದ ನಿಮಿತ್ತ ಅವನ ಮಗು ರೋಗದಲ್ಲಿ ಬಿದ್ದಿತಷ್ಟೆ. ಆದಕಾರಣ ನೀನೂ ನಿನ್ನ ಗಂಡನೂ ನಿಮ್ಮ ನಡತೆಯನ್ನು ಶೋಧಿಸಿ ನೋಡಿರಿ ಎಂದು ಅವರು ಬೋಧಿಸಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲವೆಂದು ಈಗ ನಂಬುತ್ತೇನೆ. ಆ ದಿನ ಮಾತ್ರ ನಾನು ಗೋಡೆಯ ಕಡೆಗೆ ತಿರುಗಿಕೊಂಡೆನು. ಪಕ್ಕದ ಮನೆಯವರು ಇದನ್ನೇ ಹಣೆಬರಹವೆಂದೂ ಪೂರ್ವಕರ್ಮವೆಂದೂ ಹೇಳಿದರೆ ನಾವು ತಲೆಯಾಡಿಸುವದಿಲ್ಲ. ಅದೇ ಮಾತು ವೇದವಚನದ ಅಂಗಿಯನ್ನು ತೊಟ್ಟು ಬಂದರೆ ಒಪ್ಪಿಕೊಳ್ಳುವದೇಕೆ? ಹುಟ್ಟುಕುರುಡನ ವಿಷಯದಲ್ಲಿ, ಪಾಪಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಕರ್ತನು ಎರಡನ್ನೂ ಅಲ್ಲಗಳೆದನೆಂದು ಯೋಹಾನನ 9ನೆಯ ಅಧ್ಯಾಯದಲ್ಲಿದೆ. ಒಬ್ಬ ಅರಸನಿಗೆ ಪ್ರವಾದಿಯು ಹೇಳಿದ ತೀರ್ಪನ್ನು ಎಲ್ಲಾ ತೊಟ್ಟಿಲುಗಳಿಗೂ ಕಟ್ಟುವ ಅಧಿಕಾರವು ನಮಗಿಲ್ಲ.

ಆದರೂ ಆ ಅಧ್ಯಾಯವನ್ನು ಬಿಟ್ಟುಬಿಡಬಾರದು. ಮಗು ಸಾಯುವದೆಂದು ನಾತಾನನು ಸ್ಪಷ್ಟವಾಗಿ ಹೇಳಿಹೋಗಿದ್ದನು. ಹಾಗಿದ್ದರೂ ದಾವೀದನು ಉಪವಾಸಮಾಡಿ ನೆಲದ ಮೇಲೆ ಬಿದ್ದುಕೊಂಡು ಏಳು ದಿನ ಬೇಡಿಕೊಂಡನು. ದೈವವಾಕ್ಯವೇ ಇಲ್ಲವೆಂದ ಮೇಲೂ ಬೇಡುವದು ಅವಿಧೇಯತೆಯೆಂದು ಆ ಗ್ರಂಥವು ಎಲ್ಲಿಯೂ ಹೇಳುವದಿಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ಪ್ರಾರ್ಥಿಸಬಹುದೋ ಎಂದು ಸಂದೇಹಪಡುವ ತಾಯಿಗೆ ಇಷ್ಟು ಸಾಕು. ಮಗು ತೀರಿಹೋದ ಮೇಲೆ ಅವನು ಎದ್ದು, ಸ್ನಾನಮಾಡಿ, ಆರಾಧಿಸಿ, ಊಟಮಾಡಿದನು. ಈ ಧೈರ್ಯವನ್ನು ಕುರಿತು ಪ್ರಸಂಗಗಳು ಬಹಳ ಉಂಟು. ನನಗೆ ತೋರುವದೇನಂದರೆ, ಅವುಗಳೆಲ್ಲ 23ನೆಯ ವಚನಕ್ಕೆ ನಿಂತುಬಿಡುತ್ತವೆ. ಆ ಏಳು ದಿನ ಕೂಸನ್ನು ಎತ್ತಿಕೊಂಡಿದ್ದವಳು ಯಾರು? ಬತ್ಷೆಬೆಯ ಅಳುವು ಬರೆಯಲ್ಪಟ್ಟಿಲ್ಲ. 24ನೆಯ ವಚನದಲ್ಲಿ ಮಾತ್ರ ದಾವೀದನು ಆಕೆಯನ್ನು ಸಂತೈಸಿದನೆಂದಿದೆ. ಅರಸನು ಊಟಕ್ಕೆ ಕುಳಿತಾಗಲೂ ಆಕೆಗೆ ಇನ್ನೂ ಸಂತೈಕೆ ಬೇಕಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಎಲ್ಲರೂ ಒಂದೇ ದಿನ ನೆಲದಿಂದ ಏಳುವದಿಲ್ಲ.

ಎರಡನೆಯ ಭಾಗದ ಶೂನೇಮ್ ಊರಿನ ಸ್ತ್ರೀಯು ನನಗೆ ಹೆಚ್ಚು ಬಳಕೆಯಾದವಳು. ಆಕೆಯ ಹುಡುಗನು ಹೊಲದಲ್ಲಿ ತಲೆನೋವೆಂದು ಕೂಗಿದನು. ತಾಯಿಯ ತೊಡೆಯ ಮೇಲೆ ಮಧ್ಯಾಹ್ನದ ವರೆಗೆ ಇದ್ದು ಸತ್ತನು. ಆಕೆಯು ಅವನನ್ನು ಪ್ರವಾದಿಯ ಮಂಚದ ಮೇಲೆ ಮಲಗಿಸಿ, ಬಾಗಲು ಮುಚ್ಚಿ, ಕತ್ತೆಯನ್ನು ಹೊಡಿಸಿಕೊಂಡು ಕರ್ಮೆಲ್ ಬೆಟ್ಟಕ್ಕೆ ಹೋದಳು. ದಾರಿಯಲ್ಲಿ ವಿಚಾರಿಸಿದ ಗೇಹಜಿಗೆ ಎಲ್ಲವೂ ಕ್ಷೇಮವೆಂದು ಉತ್ತರಕೊಟ್ಟಳು. ಕೆಲವರು ಇದನ್ನು ಮಹಾ ವಿಶ್ವಾಸವೆಂದು ಹೊಗಳುತ್ತಾರೆ. ಆಸ್ಪತ್ರೆಯ ಓಣಿಯಲ್ಲಿ ಕುಳಿತಿದ್ದವರಿಗೆ ಇದರ ಅರ್ಥವು ಬೇರೆ. ಕಂಡಕಂಡವರಿಗೆಲ್ಲ ವಿವರವನ್ನು ಹೇಳುವ ಶಕ್ತಿಯಿಲ್ಲದೆ ನಾವೂ ಚೆನ್ನಾಗಿದೆ ಎಂದೇ ಹೇಳಿದ್ದೇವೆ. ಎಲೀಷನ ಮುಂದೆ ಮಾತ್ರ ಆಕೆಯ ಬಾಯಿ ತೆರೆಯಿತು. ಆಕೆಯು ಅವನ ಕಾಲುಗಳನ್ನು ಹಿಡಿದು, ನಾನು ಮಗನನ್ನು ಬೇಡಿದ್ದೆನೋ ಎಂದು ಕೇಳಿದಳು. ಗೇಹಜಿಯು ಆಕೆಯನ್ನು ನೂಕಬಂದನು; ಎಲೀಷನು ತಡೆದನು. ಇದನ್ನು ಯೆಹೋವನು ತನಗೆ ಮರೆಮಾಡಿದ್ದಾನೆಂದು ಅವನೇ ಒಪ್ಪಿಕೊಂಡನು. ರೋಗಿಗಳನ್ನು ದರ್ಶಿಸುವ ಅಯ್ಯನವರೂ ವಿಶ್ವಾಸಿಗಳೂ ಈ ಒಂದು ಮಾತನ್ನು ಕಲಿತರೆ ಸಭೆಗೆ ಎಷ್ಟೋ ಉಪಕಾರವಾಗುವದು. ತನಗೆ ತಿಳಿಯದೆಂದು ಹೇಳಿದವನೇ ಎದ್ದು ಆಕೆಯ ಹಿಂದೆ ಹೋದನು.

ಹೋಗಿ ಮಾಡಿದ್ದೇನು? ಮೊದಲು ಬಾಗಲು ಮುಚ್ಚಿ ಪ್ರಾರ್ಥಿಸಿದನು. ಅನಂತರ ಕೂಸಿನ ಮೈಮೇಲೆ ತನ್ನ ಮೈಯನ್ನು ಬೋರಲಾಗಿಟ್ಟನು. ಹುಡುಗನ ದೇಹವು ಬೆಚ್ಚಗಾಯಿತು. ವೇದದಲ್ಲಿ ವೈದ್ಯಶಾಸ್ತ್ರವನ್ನು ಹುಡುಕುವವಳಲ್ಲ ನಾನು. ಆದರೆ ಎಂಟನೆಯ ದಿನ ದಾದಿಯು ನನ್ನ ಮಗಳನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು, ನಳಿಗೆಗಳ ಸಹಿತವಾಗಿ ನನ್ನ ಎದೆಗೆ ಒತ್ತಿ ಸೆರಗಿನಿಂದ ಕಟ್ಟಿದಾಗ ಈ ಕಥೆಯೇ ನೆನಪಾಯಿತು. ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರು. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಇಂಕ್ಯುಬೇಟರುಗಳು ಸಾಲದೆ, ಎಡ್ಗರ್ ರೇ ಎಂಬ ಡಾಕ್ಟರು ಇದನ್ನು ಆರಂಭಿಸಿದರು. ಬಡತನದ ಉಪಾಯವೆಂದು ಎಣಿಸಲ್ಪಟ್ಟದ್ದು ಈಗ ಎಲ್ಲಾ ದೇಶಗಳಿಗೂ ಸಲ್ಲುವ ಚಿಕಿತ್ಸೆಯಾಗಿದೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಒಂದು ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿಕೊಂಡಲ್ಲಿ ಮೊದಲ 28 ದಿನಗಳೊಳಗೆ ನೂರಕ್ಕೆ 12 ತೀರಿಹೋದವು. ಮೈ ಸ್ಥಿರವಾಗುವ ತನಕ ಕಾದು ಕಟ್ಟಿಕೊಂಡಲ್ಲಿ ನೂರಕ್ಕೆ 15.7. ನಾನು ಆ ದಿನ ಈ ಲೆಕ್ಕವನ್ನು ಅರಿಯೆನು. ಕೈಯಿಂದ ಏನನ್ನೂ ಮಾಡಲಾರದೆ ಎಂಟು ದಿನ ಗಾಜಿನ ಹೊರಗೆ ನಿಂತಿದ್ದವಳಿಗೆ ಒಂದು ಕೆಲಸವು ದೊರೆಯಿತು. ಆ ಮೇಲೆ ನನ್ನ ಪ್ರಾರ್ಥನೆಯಲ್ಲಿ ಮಾತುಗಳು ಕಡಿಮೆಯಾದವು.

ದೇವರ ಚಿತ್ತವೆಂಬ ಮಾತನ್ನು ಕುರಿತು ಸ್ವಲ್ಪ ಹೇಳಬೇಕಾಗಿದೆ. 1963ನೆಯ ಇಸವಿ ಆಗಸ್ಟ್ 7ರಂದು ಅಮೇರಿಕದ ಅಧ್ಯಕ್ಷ ಜಾನ್ ಕೆನೆಡಿಯವರಿಗೆ ದಿನ ತುಂಬದ ಗಂಡುಮಗು ಹುಟ್ಟಿತು. ಅದಕ್ಕೆ ಪ್ಯಾಟ್ರಿಕ್ ಎಂದು ಹೆಸರಿಟ್ಟು ಬೇಗನೆ ದೀಕ್ಷಾಸ್ನಾನ ಮಾಡಿಸಿದರು. ತೂಕವು ಸುಮಾರು 2,100 ಗ್ರಾಂ. ನನ್ನ ಮಗಳಿಗಿಂತ ಎಷ್ಟೋ ಪುಷ್ಟವಾದ ಕೂಸು. ಶ್ವಾಸಕೋಶಗಳು ಬಲಿತಿರದ ಕಾರಣ ಅದು 9ರಂದು ತೀರಿಹೋಯಿತು. ಅಧಿಕಾರ, ಐಶ್ವರ್ಯ, ಶ್ರೇಷ್ಠರಾದ ವೈದ್ಯರು ಎಲ್ಲವೂ ಅಲ್ಲಿದ್ದವು. ಇಂಥ ಶಿಶುಗಳಲ್ಲಿ ಗಾಳಿಯ ಗೂಡುಗಳು ಕುಸಿಯದಂತೆ ತಡೆಯುವ ಒಂದು ದ್ರವ್ಯವು ಸಾಲದೆಂದು ಮೇರಿ ಎಲೆನ್ ಏವರಿ ಎಂಬ ವೈದ್ಯೆಯು 1959ರಲ್ಲಿಯೇ ತೋರಿಸಿದ್ದರು. ಅದನ್ನು ಹೊರಗಿನಿಂದ ಕೊಡುವ ಬಗೆಯು ಸಿದ್ಧವಾಗಿರಲಿಲ್ಲ. 1980ರಲ್ಲಿ ಜಪಾನಿನ ಡಾಕ್ಟರ್ ಫುಜಿವಾರ ಅವರು ದನದ ಶ್ವಾಸಕೋಶದಿಂದ ತೆಗೆದ ಆ ದ್ರವ್ಯವನ್ನು ಹತ್ತು ಶಿಶುಗಳಿಗೆ ಕೊಟ್ಟು ಗುಣವನ್ನು ಕಂಡರು. ಅಂಥ ಔಷಧವೇ ನನ್ನ ಮಗಳಿಗೆ ಮೊದಲನೆಯ ದಿನ ಕೊಡಲ್ಪಟ್ಟಿತು. ಹಾಗಾದರೆ ಆ ಕೂಸು ಸಾಯುವದು 1963ರಲ್ಲಿ ದೇವರ ಚಿತ್ತವಾಗಿದ್ದು, ಈಗ ಆ ಚಿತ್ತವು ಬದಲಾಯಿತೆಂದು ಹೇಳೋಣವೇ? ನಾನು ಹೇಳಲಾರೆನು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ತೆರೆದವರೂ, ಉಡುಪಿಯಲ್ಲಿ 1923ರಲ್ಲಿ ಚಿಕಿತ್ಸೆಯನ್ನು ಆರಂಭಿಸಿದ ಡಾಕ್ಟರ್ ಈವಾ ಲೊಂಬಾರ್ಡ್ ಅವರೂ ಚಿತ್ತವೆಂದು ಹೇಳಿ ಸುಮ್ಮನಾಗಿದ್ದರೆ ನಮ್ಮ ಸೀಮೆಯ ತಾಯಂದಿರ ಗತಿಯೇನು? ಆ ಮಾತನ್ನು ತಾಯಿಯೇ ತನ್ನ ಕಾಲದಲ್ಲಿ ಹೇಳಲಿ; ನೋಡಲು ಬಂದವರು ಹೇಳಬೇಡಿರಿ. ಗಂಜಿಯನ್ನು ತನ್ನಿರಿ, ಬಟ್ಟೆಗಳನ್ನು ಒಗೆದು ಕೊಡಿರಿ.

ವಿಶ್ವಾಸವು ಸಾಲದೆಂಬ ಭಯಕ್ಕೆ ಮಾರ್ಕನ ಭಾಗವೇ ಉತ್ತರ. ಮೂರ್ಛೆರೋಗದ ಮಗನ ತಂದೆಯು ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡನು. ಕರ್ತನು ಅವನಿಗೆ, ಮೊದಲು ನಿನ್ನ ನಂಬಿಕೆಯನ್ನು ಸರಿಮಾಡಿಕೊಂಡು ಬಾ ಎನ್ನಲಿಲ್ಲ. ವಿಶ್ವಾಸವೀರನೆಂದು ನಾವು ಕೊಂಡಾಡುವ ಲೂಥರನು 1528ರಲ್ಲಿ ಎಂಟು ತಿಂಗಳ ಮಗಳು ಎಲಿಸಬೇತಳನ್ನು ಕಳಕೊಂಡಾಗ, ತಂದೆಯ ಹೃದಯವು ಇಷ್ಟು ಮೆತ್ತಗಾಗುವದೆಂದು ತಾನು ಅರಿತಿರಲಿಲ್ಲವೆಂದು ಸ್ನೇಹಿತನಿಗೆ ಬರೆದನು.

ನಮ್ಮ ಪಕ್ಕದಲ್ಲಿ ಹಳ್ಳಿಯ ಒಬ್ಬ ತಾಯಿ ಇದ್ದಳು. ಅವಳ ಗಂಡುಕೂಸಿಗೆ ಹೃದಯದಲ್ಲಿ ದೋಷವಿತ್ತು. ನಮ್ಮ ಮತದವಳಲ್ಲ. ಒಂದು ರಾತ್ರಿ ನಾನು ಕಣ್ಣುಮುಚ್ಚಿ ಕುಳಿತದ್ದನ್ನು ನೋಡಿ, "ಅಕ್ಕಾರ, ನಿಮ್ಮ ಸ್ವಾಮಿ ಮುಂದ ನನ್ನ ಕೂಸಿನ ಹೆಸರೂ ಒಂದಿಷ್ಟು ಹೇಳ್ರಿ" ಅಂದಳು. ಅಂದಿನಿಂದ ಎರಡು ಹೆಸರುಗಳನ್ನೂ ಒಟ್ಟಿಗೆ ಹೇಳುತ್ತಿದ್ದೆನು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಎಂದು ಬೇಡಲಿಲ್ಲ. ಹತ್ತೊಂಭತ್ತನೆಯ ರಾತ್ರಿ ಅವಳ ಕೂಸು ತೀರಿಹೋಯಿತು. ನನ್ನದು ಮನೆಗೆ ಬಂದಿತು. ಈ ಎರಡರ ನಡುವಣ ಭೇದಕ್ಕೆ ನಾನು ಕಾರಣವನ್ನು ಹುಡುಕಿಲ್ಲ. ಹುಡುಕಿಕೊಟ್ಟವರ ಮಾತನ್ನು ಕೇಳಿಯೂ ಇಲ್ಲ. ಹೋಗುವಾಗ ಅವಳು ನನ್ನ ಮಗಳ ಪಾದವನ್ನು ಒಂದು ಬೆರಳಿನಿಂದ ಮುಟ್ಟಿ ಹೋದಳು. ತೀರಿಹೋದವರಿಗಾಗಿ ಬೇಡಿಕೊಳ್ಳುವದು ನಮ್ಮ ಸಭೆಯ ವಾಡಿಕೆಯಲ್ಲ. ಆದಕಾರಣ ಈಗ ರಾತ್ರಿಯ ಪ್ರಾರ್ಥನೆಯಲ್ಲಿ ಕೂಸಿನ ಹೆಸರಿದ್ದ ಸ್ಥಳದಲ್ಲಿ ಆ ತಾಯಿಯ ಹೆಸರನ್ನು ಹೇಳುತ್ತೇನೆ.