ಹಿಮ್ಮಡಿ ನೋವು: ರೈತರು ಅನುಸರಿಸಬೇಕಾದ ಕ್ರಮಗಳು



ಬೆಳೆಗೆ ರೋಗ ಬಂದರೆ ನೀವು ಎಲೆ ಕಿತ್ತುಕೊಂಡು ವಿಜ್ಞಾನಿಗಳ ಬಳಿ ಬರುತ್ತೀರಿ. ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಕರೆಸುತ್ತೀರಿ. ಆದರೆ ಸ್ವಂತ ಹಿಮ್ಮಡಿ ನೋಯಲು ಹತ್ತಿದರೆ ಆರು ತಿಂಗಳು ಸುಮ್ಮನೆ ಕುಂಟುತ್ತೀರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಕಬ್ಬು, ತಂಬಾಕು ಬೆಳೆಗಳ ಸಲುವಾಗಿ ತಿರುಗಾಡುವಾಗ ಇದನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ.

ರಾಯಬಾಗ ತಾಲೂಕಿನ ಒಬ್ಬ ರೈತರು ಕಬ್ಬಿನ ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೀಗೆ ಹೇಳಿದರು: “ಸಾಹೇಬ್ರ, ಮುಂಜಾನೆ ಎದ್ದು ನೆಲಕ್ಕ ಕಾಲ ಊರಾಕ ಆಗವಲ್ದು. ಹೊಲಾ ಲಾವಣಿಗೆ ಕೊಡಬೇಕಂತ ಮಾಡೇನ್ರಿ.” ಅವರಿಗೆ ವಯಸ್ಸು ಐವತ್ತರ ಹತ್ತಿರ. ಐದು ಎಕರೆ ನೀರಾವರಿ ಭೂಮಿ. ರಾತ್ರಿ ನೀರು ಹಾಯಿಸುವ ಕೆಲಸ ಆಗಲೇ ಅವರ ಮನೆಯವರ ಪಾಲಿಗೆ ಬಂದಿತ್ತು. ಒಂದು ಹಿಮ್ಮಡಿಯ ನೋವಿನಿಂದ ಹೊಲವೇ ಕೈಬಿಡುವ ಹಂತ ಬಂದಿತ್ತು.

ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೆ ಇದೇ ನೋವನ್ನು ನಾನೂ ಹತ್ತು ತಿಂಗಳು ಅನುಭವಿಸಿ ಗುಣವಾಗಿದ್ದೇನೆ. ವೈದ್ಯರಿಂದ ಮತ್ತು ಫಿಜಿಯೋಥೆರಪಿ ತಜ್ಞರಿಂದ ಕಲಿತದ್ದನ್ನು, ಈ ವಿಷಯದಲ್ಲಿ ನಡೆದ ಪ್ರಯೋಗಗಳನ್ನು ಓದಿ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ. ಇದರ ಸಾರಾಂಶ ಇಷ್ಟೆ: ಹಿಮ್ಮಡಿ ನೋವು ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತದೆ. ಆದರೆ ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ದಿನವೂ ತಪ್ಪದೆ ಮಾಡಬೇಕಾದ ಕೆಲಸ ಇದೆ.

ನೋವು ಯಾಕೆ ಬರುತ್ತದೆ?

ಹಿಮ್ಮಡಿಯ ಎಲುಬಿನಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದಂತೆ ಇದು ಪಾದದ ಕಮಾನನ್ನು ಬಿಗಿಹಿಡಿಯುತ್ತದೆ. ಪ್ರತಿ ಹೆಜ್ಜೆಗೂ ಇದು ಜಗ್ಗುತ್ತದೆ. ತಾಳುವುದಕ್ಕಿಂತ ಹೆಚ್ಚು ಭಾರ ಬಹಳ ದಿನ ಬಿದ್ದರೆ, ಎಲುಬಿಗೆ ಅಂಟಿದ ಜಾಗದಲ್ಲಿ ಈ ಪಟ್ಟಿಯ ಎಳೆಗಳು ಸವೆದು ದಪ್ಪವಾಗುತ್ತವೆ. ಗೂಟಕ್ಕೆ ಬಿಗಿದ ಮಿಣಿ ಗಂಟಿನ ಹತ್ತಿರವೇ ಮೊದಲು ಸವೆಯುವುದನ್ನು ನೀವು ನೋಡಿದ್ದೀರಿ. ಇದೂ ಹಾಗೆಯೇ. ವೈದ್ಯರು ಇದನ್ನು ಪ್ಲಾಂಟರ್ ಫ್ಯಾಸಿಯೈಟಿಸ್ ಎನ್ನುತ್ತಾರೆ. ನಲವತ್ತರಿಂದ ಅರವತ್ತು ವರ್ಷದವರಲ್ಲಿ ಇದು ಹೆಚ್ಚು.

ಗುರುತಿಸುವ ಬಗೆ ಸುಲಭ. ಮುಂಜಾನೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಮೊಳೆ ಚುಚ್ಚಿದಂತೆ ನೋವು ಬರುತ್ತದೆ. ಸ್ವಲ್ಪ ನಡೆದ ಮೇಲೆ ಕಡಿಮೆಯಾಗುತ್ತದೆ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಬರುತ್ತದೆ. ದಿನವಿಡೀ ನಿಂತರೆ ಸಂಜೆಗೆ ಹೆಚ್ಚುತ್ತದೆ. ಹಿಮ್ಮಡಿಯ ತಳದಲ್ಲಿ, ಪಾದದ ಒಳಬದಿಗೆ, ಹೆಬ್ಬೆರಳಿನಿಂದ ಒತ್ತಿದರೆ ಒಂದೇ ಜಾಗದಲ್ಲಿ ನೋವು ಸಿಗುತ್ತದೆ. ಹಿಮ್ಮಡಿಯ ಚರ್ಮ ಒಡೆದು ಬರುವ ನೋವು ಬೇರೆ, ಇದು ಬೇರೆ.

ಎಲುಬಿನ ಮುಳ್ಳು ಕಾರಣವೆ?

ನನ್ನ ಹಿಮ್ಮಡಿಯ ಎಕ್ಸ್-ರೇ ತೆಗೆದಾಗ ಒಂದು ಸಣ್ಣ ಮುಳ್ಳು ಕಂಡಿತು. ಅದನ್ನು ಕತ್ತರಿಸಿ ತೆಗೆಯದೆ ನೋವು ಹೋಗದು ಎಂದು ನಾನು ನಂಬಿ ಮೂರು ತಿಂಗಳು ಕಳೆದೆ. ನಂಬಿಕೆ ತಪ್ಪಾಗಿತ್ತು. ನೋವಿಲ್ಲದ ಅನೇಕರ ಹಿಮ್ಮಡಿಯಲ್ಲಿಯೂ ಇಂಥ ಮುಳ್ಳು ಇರುತ್ತದೆ. ನೋವಿದ್ದ ಅನೇಕರಲ್ಲಿ ಮುಳ್ಳು ಇರುವುದಿಲ್ಲ. ನೋವು ಹೋದ ಮೇಲೂ ಮುಳ್ಳು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಎಕ್ಸ್-ರೇ ನೋಡಿ ಎದೆಗುಂದಬೇಡಿ.

ನಮ್ಮ ಕೆಲಸದಲ್ಲಿರುವ ಕಾರಣಗಳು

1. ಹಠಾತ್ತನೆ ಕೆಲಸ ಹೆಚ್ಚುವುದು: ಮಳೆಗಾಲದಲ್ಲಿ ಹಗುರಾಗಿದ್ದ ಕಾಲಿಗೆ ಕಬ್ಬು ಕಟಾವಿನ ಹಂಗಾಮಿನಲ್ಲಿ ಒಮ್ಮೆಲೇ ದುಡಿತ ಬೀಳುತ್ತದೆ. ತಲೆಯ ಮೇಲೆ ಹೊರೆ ಹೊತ್ತು ಹಲಗೆ ಏರಿ ಟ್ರೇಲರ್ ತುಂಬುವಾಗ ಮೈಭಾರ, ಹೊರೆಭಾರ ಎರಡೂ ಅಂಗಾಲಿನ ಮೇಲೆಯೇ.

2. ಗಟ್ಟಿ ನೆಲ: ಒಣಗಿದ ಕಪ್ಪು ಭೂಮಿಯ ಹೆಂಟೆ ಕಲ್ಲಿನಷ್ಟೇ ಗಟ್ಟಿ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ, ಕೊಟ್ಟಿಗೆಯಲ್ಲಿ ಕಲ್ಲು ಹಾಸು. ಹೊಲದ ಕೆಲಸ ಮುಗಿಸಿ ಬಂದು ಅದರ ಮೇಲೆ ಬರಿಗಾಲಿನಲ್ಲಿ ನಿಂತು ಅಡುಗೆ ಮಾಡುವ ಹೆಣ್ಣುಮಕ್ಕಳ ಹಿಮ್ಮಡಿಗೆ ದಿನದಲ್ಲಿ ಬಿಡುವೇ ಇಲ್ಲ.

3. ಬಿಗಿದ ಮೀನಖಂಡ: ಮೀನಖಂಡದ ಸ್ನಾಯು ಬಿಗಿಯಾಗಿದ್ದರೆ ಪಾದ ಮೇಲಕ್ಕೆ ಸರಿಯಾಗಿ ಬಾಗುವುದಿಲ್ಲ. ಆಗ ಅಂಗಾಲಿನ ಪಟ್ಟಿಯ ಮೇಲೆ ಜಗ್ಗು ಹೆಚ್ಚುತ್ತದೆ.

4. ಮೈತೂಕ ಹೆಚ್ಚಾಗಿರುವುದು ಮತ್ತು ತಳ ಸವೆದ ಪಾದರಕ್ಷೆ.

ಉಪಚಾರ ಕ್ರಮಗಳು

ಮೊದಲನೆಯ ಕ್ರಮ, ಅಂಗಾಲು ಜಗ್ಗುವುದು: ಮುಂಜಾನೆ ನೆಲಕ್ಕೆ ಕಾಲು ಊರುವ ಮೊದಲೇ ಇದನ್ನು ಮಾಡಿರಿ. ಮಂಚದ ಅಂಚಿಗೆ ಕುಳಿತು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಡಿರಿ. ಕೈಯಿಂದ ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಜಗ್ಗಿರಿ. ಅಂಗಾಲಿನಲ್ಲಿ ತಂತಿಯಂತೆ ಬಿಗಿ ತಾಕಬೇಕು. 10 ಎಣಿಸುವವರೆಗೆ ಹಿಡಿದು ಬಿಡಿರಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಎಂಟು ವಾರಗಳ ನಂತರ ಮೀನಖಂಡವನ್ನಷ್ಟೇ ಜಗ್ಗಿದವರಿಗಿಂತ ಹೀಗೆ ಅಂಗಾಲು ಜಗ್ಗಿದವರಿಗೆ ಹೆಚ್ಚು ಗುಣ ಕಂಡಿತು.

ಎರಡನೆಯ ಕ್ರಮ, ಮೀನಖಂಡ ಜಗ್ಗುವುದು: ಬದುವಿನ ಮೇಲಿನ ಬೇವಿನ ಮರಕ್ಕೆ ಎರಡೂ ಕೈ ಊರಿ ನಿಲ್ಲಿರಿ. ನೋಯುವ ಕಾಲು ಹಿಂದೆ ಇರಲಿ, ಮೊಣಕಾಲು ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡಬಾರದು. ಮುಂದಕ್ಕೆ ವಾಲಿ 30 ಎಣಿಸಿರಿ. ಮೂರು ಸಲ. ಬಳಿಕ ಮೊಣಕಾಲು ತುಸು ಬಾಗಿಸಿ ಅದೇ ರೀತಿ ಮಾಡಿರಿ.

ಮೂರನೆಯ ಕ್ರಮ, ಬಲ ತುಂಬುವುದು: ಮನೆಯ ಮೆಟ್ಟಿಲ ಮೇಲೆ ಒಂದು ಟವೆಲನ್ನು ಸುತ್ತಿ ಇಡಿರಿ. ಕಾಲ್ಬೆರಳುಗಳು ಅದರ ಮೇಲಿರಲಿ, ಹಿಮ್ಮಡಿ ಮೆಟ್ಟಿಲ ಹೊರಗಿರಲಿ. ಗೋಡೆ ಹಿಡಿದು ಒಂದೇ ಕಾಲಿನ ಮೇಲೆ 3 ಎಣಿಸುವಷ್ಟರಲ್ಲಿ ಮೇಲೇಳಿರಿ, 2 ಎಣಿಸುವವರೆಗೆ ನಿಲ್ಲಿರಿ, 3 ಎಣಿಸುತ್ತ ಇಳಿಯಿರಿ. 12 ಸಲಕ್ಕೆ ಒಂದು ಸುತ್ತು, ಒಟ್ಟು ಮೂರು ಸುತ್ತು. ದಿನ ಬಿಟ್ಟು ದಿನ ಮಾಡಿರಿ. ಒಂದೇ ಕಾಲಿನ ಮೇಲೆ ಆಗದಿದ್ದರೆ ಎರಡೂ ಕಾಲಿನಿಂದ ಆರಂಭಿಸಿರಿ. ಸುಲಭವೆನಿಸಿದಾಗ ಬೆನ್ನಿಗೆ ಚೀಲ ಹಾಕಿ ಸ್ವಲ್ಪ ಸ್ವಲ್ಪ ಜೋಳ ತುಂಬಿ ಭಾರ ಏರಿಸಿರಿ. ಡೆನ್ಮಾರ್ಕಿನ ಸಂಶೋಧಕರ 2014ರ ಪ್ರಯೋಗ 48 ರೋಗಿಗಳ ಚಿಕ್ಕ ಪ್ರಯೋಗ. ಅದರಲ್ಲಿ ಮೂರು ತಿಂಗಳಿಗೆ ಈ ಕ್ರಮ ಅನುಸರಿಸಿದವರು ಕೇವಲ ಜಗ್ಗುವ ವ್ಯಾಯಾಮ ಮಾಡಿದವರಿಗಿಂತ ಮುಂದಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚು ಕಡಿಮೆ ಸಮ ಇದ್ದವು.

ಸಂಜೆ ನೋವು ಹೆಚ್ಚಾಗಿದ್ದರೆ ತಣ್ಣೀರು ತುಂಬಿದ ಬಾಟಲಿಯನ್ನು ಇಲ್ಲವೆ ರೊಟ್ಟಿಯ ಲಟ್ಟಣಿಗೆಯನ್ನು ಅಂಗಾಲಿನ ಕೆಳಗೆ 10 ನಿಮಿಷ ಉರುಳಿಸಿರಿ.

ಕೆಲಸ ಬಿಡುವುದೆ, ಮಾಡುವುದೆ?

ನನ್ನ ದೊಡ್ಡ ತಪ್ಪು ಇಲ್ಲಿಯೇ ಆಯಿತು. ನೋವು ಹೆಚ್ಚಾದಾಗ ಹದಿನೈದು ದಿನ ಕುಳಿತೆ. ಕಡಿಮೆಯಾದ ಕೂಡಲೆ ಬಾಕಿ ಕೆಲಸವನ್ನೆಲ್ಲ ಮೂರು ದಿನದಲ್ಲಿ ಮುಗಿಸಲು ಹೋದೆ. ನೋವು ಮೊದಲಿಗಿಂತ ಜೋರಾಯಿತು. ಹೀಗೆ ಮೂರು ಸಲ ಆಯಿತು. ಪೂರ್ಣ ವಿಶ್ರಾಂತಿಯಿಂದ ಪಟ್ಟಿ ಇನ್ನೂ ದುರ್ಬಲವಾಗುತ್ತದೆ. ಪೂರ್ಣ ಕೆಲಸದಿಂದ ಸವೆಯುತ್ತದೆ. ಇವೆರಡರ ನಡುವಿನ ಅಳತೆ ಕಂಡುಕೊಳ್ಳಬೇಕು.

ಇದಕ್ಕೆ ನಿಮಗೆ ಪರಿಚಿತವಾದ ಆಣೆವಾರಿ ಲೆಕ್ಕ ಬಳಸಿರಿ. ಸಹಿಸಲಾಗದ ನೋವಿಗೆ 16 ಆಣೆ, ನೋವೇ ಇಲ್ಲದಿದ್ದರೆ ಸೊನ್ನೆ. ಮುಂಜಾನೆಯ ಮೊದಲ ಹೆಜ್ಜೆಯ ನೋವನ್ನು ದಿನವೂ ಒಂದು ವಹಿಯಲ್ಲಿ ಬರೆಯಿರಿ, ಹಿಂದಿನ ದಿನ ಮಾಡಿದ ಕೆಲಸವನ್ನೂ ಬರೆಯಿರಿ. ಕೆಲಸ ಮಾಡುವಾಗ 4-5 ಆಣೆಯವರೆಗಿನ ನೋವು ನಡೆದೀತು. ಆದರೆ ಮರುದಿನ ಮುಂಜಾನೆ ನೋವು ಏರಿದ್ದರೆ ಹಿಂದಿನ ದಿನದ ಕೆಲಸ ಹೆಚ್ಚಾಯಿತು ಎಂದು ತಿಳಿದು ಕಡಿಮೆ ಮಾಡಿರಿ. ಒಂದು ದಿನದ ಅಂಕಿ ನೋಡಿ ಹೆದರಬೇಡಿ, ತಿಂಗಳ ಅಂಕಿ ನೋಡಿರಿ.

ಬೇಸಾಯದಲ್ಲಿಯೂ ಕೆಲವು ಬದಲಾವಣೆ ಮಾಡಬಹುದು:

* ಹೊರೆಯ ಗಾತ್ರ ಅರ್ಧಕ್ಕೆ ಇಳಿಸಿ, ಹೊತ್ತು ಏರುವ ಕೆಲಸವನ್ನು ಸರದಿಯಂತೆ ಹಂಚಿಕೊಳ್ಳಿರಿ.
* ಬೆನ್ನಿಗೆ ಹಾಕುವ 16 ಲೀಟರ್ ಸಿಂಪರಣೆ ಪಂಪನ್ನು ಪೂರ್ತಿ ತುಂಬದೆ 8-10 ಲೀಟರ್ ಮಾತ್ರ ತುಂಬಿರಿ. ಔಷಧಿಯ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಲು ಮರೆಯಬೇಡಿ.
* ಕುಳೆ ಕಬ್ಬಿನಲ್ಲಿ ರವದಿ ಸುಡದೆ ಸಾಲಿಗೆ ಹೊದಿಸಿರಿ. ತೇವ ಉಳಿಯುತ್ತದೆ, ಕಳೆ ತೆಗೆಯುವ ತಿರುಗಾಟ ತಗ್ಗುತ್ತದೆ. ಕೂಳೆ ಚುಚ್ಚದಂತೆ ಪಾದರಕ್ಷೆ ಇರಲಿ.
* ಅನುಕೂಲವಿದ್ದವರು ಹನಿ ನೀರಾವರಿ ಮಾಡಿಕೊಂಡರೆ ರಾತ್ರಿ ವಿದ್ಯುತ್ ಬಂದಾಗ ಸಾಲು ಸಾಲಿಗೆ ಮಡೆ ತಿರುವುತ್ತ ನಿಲ್ಲುವುದು ತಪ್ಪುತ್ತದೆ.
* ನಾಟಿಯನ್ನು ಒಂದೇ ವಾರದಲ್ಲಿ ಮುಗಿಸದೆ ತುಂಡು ತುಂಡಾಗಿ ಮಾಡಿದರೆ ಮುಂದಿನ ಕೆಲಸಗಳೂ ಹಂಚಿಹೋಗುತ್ತವೆ.

ಪಾದರಕ್ಷೆಯ ವಿಚಾರ

ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ ದೊಡ್ಡ ಹೆಸರಿದೆ. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇದು ಬಾಳಿಕೆಯ ಚಪ್ಪಲಿ. ಆದರೆ ಇದರ ಅಟ್ಟೆ ಚಪ್ಪಟೆ ಮತ್ತು ಗಟ್ಟಿ. ಹಿಮ್ಮಡಿ ನೋವಿದ್ದವರಿಗೆ ಅದೊಂದೇ ಸಾಲದು. ಹೊಲಿಯುವವರ ಬಳಿಯೇ ಹೋಗಿ ಹಿಮ್ಮಡಿಯ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಎತ್ತರದ ಪದರ ಕೂಡಿಸಿ, ಮೇಲೆ ಮೆತ್ತನೆಯ ಹಾಸು ಹಾಕಿಸಿಕೊಳ್ಳಿರಿ. ಇಲ್ಲವೆ ವಾಸಿಯಾಗುವವರೆಗೆ ಮೆತ್ತನೆ ತಳದ ಬೂಟು ಧರಿಸಿರಿ. ನೀರು ಹಾಯಿಸುವ ಗಮ್ ಬೂಟಿನೊಳಗೂ ಮೆತ್ತನೆ ಹಾಸು ಇರಲಿ. ಅಂಗಡಿಯ ಸಾಧಾರಣ ಹಾಸು ಸಾಕು, ಸಾವಿರಾರು ರೂಪಾಯಿಯ ಅಳತೆಯ ಹಾಸು ಮೊದಲಿಗೇ ಬೇಕಿಲ್ಲ. ಮನೆಯೊಳಗೆ ಓಡಾಡಲು ಬೇರೆ ಮೆತ್ತನೆಯ ಚಪ್ಪಲಿಯನ್ನು ಮಂಚದ ಪಕ್ಕದಲ್ಲಿಯೇ ಇಟ್ಟುಕೊಳ್ಳಿರಿ.

ಚಿಂಚಲಿ ಮಾಯಕ್ಕನ ಜಾತ್ರೆಗೆ, ಪಂಢರಪುರದ ವಾರಿಗೆ ಕಾಲ್ನಡಿಗೆಯಲ್ಲಿ ಹೋಗುವವರು ನೋವಿದ್ದ ವರ್ಷ ಬರಿಗಾಲಿನ ಹರಕೆಯನ್ನು ಮುಂದಕ್ಕೆ ಹಾಕುವುದು ಒಳ್ಳೆಯದು.

ಮಾಡಬಾರದ್ದು

1. ಬರೆ ಹಾಕಿಸಬೇಡಿ, ಕೇರುಬೀಜದ ಎಣ್ಣೆ ಹಚ್ಚಬೇಡಿ. ಚರ್ಮ ಸುಟ್ಟು ಗಾಯವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಕಾಲಿಗೇ ಅಪಾಯ. ಅಂಥವರು ಬಿಸಿ ಇಟ್ಟಿಗೆಯ ಶಾಖವನ್ನೂ ಕೊಡಬಾರದು.

2. ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅಪಾಯ ಹೆಚ್ಚು.

3. ಸ್ಟಿರಾಯ್ಡ್ ಚುಚ್ಚುಮದ್ದನ್ನು ಮೇಲಿಂದ ಮೇಲೆ ಹಾಕಿಸಬೇಡಿ. ಕೆಲವು ವಾರ ಆರಾಮ ಸಿಗುತ್ತದೆ. ಆದರೆ ಪದೇ ಪದೇ ಹಾಕಿದರೆ ಹಿಮ್ಮಡಿಯ ಮೆತ್ತನೆಯ ಕೊಬ್ಬು ಕರಗಬಹುದು, ಪಟ್ಟಿ ಹರಿಯಲೂಬಹುದು. ಹಾಕಿಸುವುದೇ ಆದರೆ ಎಲುಬು ತಜ್ಞರ ಸಲಹೆಯಂತೆ ಮಾತ್ರ.

ವೈದ್ಯರ ಬಳಿ ಕೂಡಲೆ ಹೋಗಬೇಕಾದ ಸಂದರ್ಭಗಳು

ಬಿದ್ದು ಪೆಟ್ಟಾಗಿ ಕಾಲು ಊರಲು ಆಗದಿದ್ದರೆ. ಹಿಮ್ಮಡಿ ಕೆಂಪಾಗಿ ಬಾತು ಜ್ವರ ಬಂದರೆ. ಮಲಗಿದಾಗಲೂ ನೋವು ಬಿಡದಿದ್ದರೆ. ಜೋಮು, ಉರಿ ಇದ್ದರೆ. ಸಕ್ಕರೆ ಕಾಯಿಲೆ ಇದ್ದರೆ. ಹರೆಯದವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆಗೆ ಮುಂಜಾನೆ ಸೊಂಟ ಬಿಗಿಯುತ್ತಿದ್ದರೆ. ಮಕ್ಕಳಿಗೆ ಹಿಮ್ಮಡಿ ನೋವು ಬಂದರೆ. ಇಂಥವರು ಮನೆಮದ್ದಿನಲ್ಲಿ ಕಾಲ ಕಳೆಯದೆ ತಾಲೂಕಾ ಆಸ್ಪತ್ರೆಗೆ ಹೋಗಬೇಕು. ಉಳಿದವರೂ ಮೂರು ತಿಂಗಳು ಶಿಸ್ತಿನಿಂದ ಮಾಡಿಯೂ ವಹಿಯ ಅಂಕಿ ಇಳಿಯದಿದ್ದರೆ ಎಲುಬು ತಜ್ಞರನ್ನು ಕಾಣಬೇಕು.

ಗುಣವಾಗುವ ಬಗೆ

ನನಗೆ ಮೊದಲ ಆರು ವಾರ ಏನೂ ವ್ಯತ್ಯಾಸ ತಿಳಿಯಲಿಲ್ಲ. ನಾಲ್ಕನೆಯ ತಿಂಗಳಿಗೆ ಮುಂಜಾನೆಯ ನೋವು ಅರ್ಧಕ್ಕೆ ಇಳಿಯಿತು. ನಡುವೆ ಎರಡು ಸಲ ಮರಳಿ ಏರಿತು. ಹತ್ತನೆಯ ತಿಂಗಳಿಗೆ ಪ್ರಯೋಗ ತಾಕುಗಳಲ್ಲಿ ದಿನವಿಡೀ ನಡೆಯುವಂತಾದೆ. ರಾಯಬಾಗದ ಆ ರೈತರು ಹೊಲವನ್ನು ಲಾವಣಿಗೆ ಕೊಡಲಿಲ್ಲ. ಒಂದು ಹಂಗಾಮು ಹೊರೆ ಹೊರುವುದನ್ನು ಬಿಟ್ಟರು, ರಾತ್ರಿ ನೀರಿನ ಕೆಲಸವನ್ನು ಮನೆಯವರೊಂದಿಗೆ ಹಂಚಿಕೊಂಡರು, ವಹಿ ಬರೆದರು. ಬಹಳ ದಣಿದ ದಿನ ಈಗಲೂ ಅವರಿಗೆ ಎರಡಾಣೆ ನೋವು ಇದೆ. ಆದರೆ ಮುಂಜಾನೆ ಎದ್ದು ನೆಟ್ಟಗೆ ಹೊಲಕ್ಕೆ ನಡೆಯುತ್ತಾರೆ.

ಸವಳು ಹತ್ತಿದ ಭೂಮಿ ಒಂದೇ ಮಳೆಗೆ ಸರಿಯಾಗುವುದಿಲ್ಲ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸಿಗಾಲುವೆ ತೆಗೆದು, ಹಸಿರೆಲೆ ಗೊಬ್ಬರ ಹಾಕಿ, ಹಂಗಾಮುಗಟ್ಟಲೆ ಕಾಯುತ್ತೀರಿ. ಅಷ್ಟೇ ತಾಳ್ಮೆಯನ್ನು ನಿಮ್ಮ ಹಿಮ್ಮಡಿಗೂ ಕೊಡಿರಿ. ನೋವು ಹಳೆಯದಾಗುವವರೆಗೆ ಕಾಯದೆ ನಾಳೆ ಮುಂಜಾನೆ ನೆಲಕ್ಕೆ ಕಾಲು ಇಡುವ ಮೊದಲೇ ಹತ್ತು ಸಲ ಅಂಗಾಲು ಜಗ್ಗಿ ಆರಂಭಿಸಿರಿ.